580001: ಧಾರವಾಡದ ಪಿನ್ ಕೋಡ್ ಯಾಕೆ ಒಡೆಯುವುದಿಲ್ಲ?

ಧಾರವಾಡದಲ್ಲಿರುವ ನನ್ನ ಅಕ್ಕನ ಮಗಳು ಈಗ ಎಂಟನೇ ಕ್ಲಾಸು. ಒಂದು ಶನಿವಾರ ಸಂಜೆ ಫೋನ್ ಮಾಡಿದಳು. "ಮಾಮಾ, ಈ ನಂಬರ್ ಯಾವುದಕ್ಕೂ ಭಾಗ ಹೋಗವಲ್ದು. ಎರಡ ಪೇಜ್ ತುಂಬ್ಯಾವ" ಅಂದಳು.

ಶಾಲೆಯಲ್ಲಿ ಹೋಮ್‌ವರ್ಕ್ ಕೊಟ್ಟಿದ್ದರಂತೆ. ಆರು ಅಂಕಿಯ ಒಂದು ಸಂಖ್ಯೆ ತೆಗೆದುಕೊಳ್ಳಿ, ಅದನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯಿರಿ ಅಂತ. ಗೆಳತಿಯರು 144000, 250000 ಇಂಥ ಸಂಖ್ಯೆ ಹಿಡಿದು ಹತ್ತು ನಿಮಿಷದಲ್ಲಿ ಮುಗಿಸಿದ್ದರು. ಇವಳು ಮಾತ್ರ ಸುಮ್ನೆ ತನ್ನೂರಿನ ಪಿನ್ ಕೋಡ್ ಬರೆದುಕೊಂಡಿದ್ದಳು. 580001.

ಮರುದಿನ ಭಾನುವಾರ. ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಹೋದೆ. ಒಂದು ಗಂಟೆಯ ಕೆಲಸ ಅಂದುಕೊಂಡಿದ್ದೆ. ರಾತ್ರಿ ಊಟದ ಹೊತ್ತಿಗೂ ನಾವಿಬ್ಬರೂ ಅದೇ ನೋಟ್‌ಬುಕ್ ಮುಂದೆ ಕೂತಿದ್ದೆವು. ಅವತ್ತು ನಮಗೆ ಸಿಕ್ಕಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು, ಇಲ್ಲಿರುವುದೆಲ್ಲ ಅರ್ಥವಾಗುತ್ತದೆ.

ಮೊದಲು ಪಿನ್ ಕೋಡ್ ಬಗ್ಗೆ ಎರಡು ಮಾತು. ಇದು ಶುರುವಾದದ್ದು 1972ರ ಆಗಸ್ಟ್ 15ರಂದು. ಮೊದಲ ಅಂಕಿ ದೇಶದ ಒಂದು ವಲಯ. 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ಕಡೆ. ಮೊದಲ ಮೂರು ಅಂಕಿ ಸೇರಿದರೆ ಟಪಾಲು ವಿಂಗಡಿಸುವ ಜಿಲ್ಲೆ. ಕೊನೆಯ ಮೂರು ಅಂಕಿ ಅಂಚೆ ಕಚೇರಿ. ಹುಬ್ಬಳ್ಳಿ-ಧಾರವಾಡಕ್ಕೆ 580, ಹಾವೇರಿಗೆ 581, ಗದಗಿಗೆ 582. ಅಂಚೆಯವರಿಗೆ ಇದು ವಿಳಾಸ ಅಷ್ಟೇ. ಹುಬ್ಬಳ್ಳಿಯ ಕೋಡಿಗೆ ಧಾರವಾಡದ ಕೋಡ್ ಕೂಡಿದರೆ ಯಾವ ಊರೂ ಬರುವುದಿಲ್ಲ. ಆದರೆ ಆರು ಅಂಕಿ ಸಾಲಾಗಿ ನಿಂತ ಮೇಲೆ ಅದು ಒಂದು ಪೂರ್ಣ ಸಂಖ್ಯೆಯೂ ಹೌದು: ಐದು ಲಕ್ಷ ಎಂಬತ್ತು ಸಾವಿರದ ಒಂದು. ಆ ಸಂಖ್ಯೆಗೆ ತನ್ನದೇ ಗುಣಗಳಿವೆ. ಅವನ್ನು ಯಾರೂ ಕೊಟ್ಟದ್ದಲ್ಲ, ಯಾರೂ ಬದಲಿಸಲಾರರು.

ಸಂಖ್ಯೆ ಒಡೆಯುವುದು ಅಂದರೇನು? ಪೇಡಾ ಅಂಗಡಿಯ ಟ್ರೇ ನೆನೆಸಿಕೊಳ್ಳಿ. 24 ಪೇಡಾ ಇವೆ. ಆರು ಸಾಲು, ಸಾಲಿಗೆ ನಾಲ್ಕು ಅಂತ ಜೋಡಿಸಬಹುದು. ಎಂಟು ಮೂರಲೆ ಜೋಡಿಸಬಹುದು, ಹನ್ನೆರಡು ಎರಡಲೆ ಜೋಡಿಸಬಹುದು. ಮೂಲೆ ಖಾಲಿ ಬಿಡದೆ ಟ್ರೇ ತುಂಬುತ್ತದೆ. 23 ಪೇಡಾ ಇದ್ದರೆ ಯಾವ ರೀತಿ ಜೋಡಿಸಿದರೂ ಒಂದು ಮೂಲೆ ಖಾಲಿ, ಇಲ್ಲ ಒಂದು ಪೇಡಾ ಹೊರಗೆ. ಒಂದೇ ಉದ್ದ ಸಾಲಿನಲ್ಲಿ ಮಾತ್ರ ಕೂರುತ್ತವೆ. 23 ಅವಿಭಾಜ್ಯ ಸಂಖ್ಯೆ. 1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಭಾಗ ಹೋಗುವುದಿಲ್ಲ.

ಈಗ ನಮ್ಮ ಪ್ರಶ್ನೆ ಇಷ್ಟೇ. 580001 ಪೇಡಾಗಳನ್ನು ಟ್ರೇಯಲ್ಲಿ ಜೋಡಿಸಲು ಆಗುತ್ತದೆಯೇ? ಆಗದಿದ್ದರೆ ಒಂದೇ ಸಾಲು. ಒಂದು ಪೇಡಾ ಮೂರೂವರೆ ಸೆಂಟಿಮೀಟರ್ ಅಗಲ ಅಂತ ಹಿಡಿಯಿರಿ. ಆ ಸಾಲು 20 ಕಿಲೋಮೀಟರ್ ದಾಟುತ್ತದೆ. ಧಾರವಾಡದಿಂದ ಹುಬ್ಬಳ್ಳಿಗೆ ಹೆಚ್ಚುಕಡಿಮೆ ಅಷ್ಟೇ ದೂರ. ಹುಡುಗಿಗೆ ಈ ಲೆಕ್ಕ ಬಹಳ ಹಿಡಿಸಿತು.

ಎಷ್ಟು ಸಂಖ್ಯೆಗಳಿಂದ ಭಾಗಿಸಿ ನೋಡಬೇಕು? ಐದು ಲಕ್ಷ ಎಂಬತ್ತು ಸಾವಿರ ಸಲವೇ? ಬೇಕಿಲ್ಲ. ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧ ಆಗಿದ್ದರೆ ಆ ಎರಡೂ ದೊಡ್ಡವಾಗಿರಲು ಸಾಧ್ಯವಿಲ್ಲ. 762ನ್ನು 762ರಿಂದ ಗುಣಿಸಿದರೆ 580644. ಅದು ಆಗಲೇ ನಮ್ಮ ಸಂಖ್ಯೆ ದಾಟಿತು. ಹಾಗಾಗಿ 580001 ಒಡೆಯುವುದಾದರೆ ಒಂದು ತುಂಡಾದರೂ 761 ಅಥವಾ ಅದಕ್ಕಿಂತ ಚಿಕ್ಕದು ಇರಲೇಬೇಕು. ಅದರಲ್ಲೂ ಅವಿಭಾಜ್ಯ ಸಂಖ್ಯೆಗಳನ್ನು ಮಾತ್ರ ನೋಡಿದರೆ ಸಾಕು. 6ರಿಂದ ಭಾಗ ಹೋಗುವುದು 2ರಿಂದ ಮೊದಲೇ ಹೋಗಿರುತ್ತದೆ ಅಲ್ವಾ. 761ರವರೆಗೆ ಇರುವ ಅವಿಭಾಜ್ಯ ಸಂಖ್ಯೆಗಳು 135. ಲಕ್ಷಗಟ್ಟಲೆ ಕೆಲಸ 135ಕ್ಕೆ ಇಳಿಯಿತು.

2, 3, 5 ನೋಡಿದ ಕೂಡಲೇ ಗೊತ್ತಾಗುತ್ತದೆ. ಕೊನೆಯ ಅಂಕಿ 1, ಆದ್ದರಿಂದ 2 ಮತ್ತು 5 ಇಲ್ಲ. ಅಂಕಿಗಳ ಮೊತ್ತ 14, ಆದ್ದರಿಂದ 3 ಇಲ್ಲ.

7, 11, 13 ಈ ಮೂರಕ್ಕೂ ಸೇರಿ ಒಂದು ಸೊಗಸಾದ ದಾರಿ ಇದೆ. 7 × 11 × 13 = 1001. ಸಾವಿರಕ್ಕೆ ಒಂದು ಜಾಸ್ತಿ. ಆರು ಅಂಕಿಯ ಸಂಖ್ಯೆಯನ್ನು ಮೂರು-ಮೂರು ಅಂಕಿಯಾಗಿ ಮುರಿದು, ಒಂದರಿಂದ ಇನ್ನೊಂದನ್ನು ಕಳೆಯಿರಿ. ಉಳಿದದ್ದು 7ರಿಂದ ಭಾಗ ಹೋದರೆ ಇಡೀ ಸಂಖ್ಯೆಯೂ ಹೋಗುತ್ತದೆ. 11ಕ್ಕೂ 13ಕ್ಕೂ ಹೀಗೆಯೇ. ಕಾರಣ ಸರಳ. 580001 ಅಂದರೆ 580 ಸಾವಿರ ಮತ್ತು 1. ಒಂದೊಂದು ಸಾವಿರವನ್ನೂ "1001ಕ್ಕೆ ಒಂದು ಕಡಿಮೆ" ಅಂತ ನೋಡಿ. 580 ಸಲ 1001 ಬಂತು, ಅದು 7, 11, 13 ಮೂರರಿಂದಲೂ ಭಾಗ ಹೋಗುತ್ತದೆ. ಉಳಿದದ್ದು 1 ಕಳೆ 580. ಪಿನ್ ಕೋಡಿಗೆ ಈ ದಾರಿ ಹೇಳಿ ಮಾಡಿಸಿದ ಹಾಗಿದೆ. ಅಂಚೆಯವರು ಜಿಲ್ಲೆ ಮತ್ತು ಕಚೇರಿ ಅಂತ ಮುರಿದ ಜಾಗದಲ್ಲೇ ಗಣಿತವೂ ಮುರಿಯುತ್ತದೆ.

ಧಾರವಾಡ: 580 ಕಳೆ 1, ಅಂದರೆ 579. ಇದು 7, 11, 13 ಯಾವುದರಿಂದಲೂ ಹೋಗುವುದಿಲ್ಲ.

ಹುಬ್ಬಳ್ಳಿಯ ಮುಖ್ಯ ಅಂಚೆ ಕಚೇರಿ 580020. 580 ಕಳೆ 20, ಅಂದರೆ 560. ಏಳೆಂಟಲೆ ಐವತ್ತಾರು. ಹುಬ್ಬಳ್ಳಿಗೆ 7 ಸಿಕ್ಕಿತು.

ಗದಗ 582101. 582 ಕಳೆ 101, ಅಂದರೆ 481. ಅದು 13 × 37. ಗದಗಿಗೆ 13 ಸಿಕ್ಕಿತು.

ಹಾವೇರಿ 581110. 581 ಕಳೆ 110, ಅಂದರೆ 471. ಮೂರೂ ಇಲ್ಲ.

ಬರೀ ಕಳೆಯುವ ಲೆಕ್ಕದಿಂದ ಇಷ್ಟು ಗೊತ್ತಾಯಿತು. ನಿಮ್ಮೂರಿನ ಕೋಡ್ ಹಿಡಿದು ಈಗಲೇ ಮಾಡಿ ನೋಡಬಹುದು. 11ಕ್ಕೆ ಇನ್ನೂ ಸಣ್ಣ ದಾರಿಯಿದೆ. ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿ, ಎರಡು ಮೊತ್ತಗಳ ವ್ಯತ್ಯಾಸ ನೋಡುವುದು. ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದವಾದದ್ದು, 1507 ಮೀಟರ್. 1 ಮತ್ತು 0 ಸೇರಿ 1. 5 ಮತ್ತು 7 ಸೇರಿ 12. ವ್ಯತ್ಯಾಸ 11. ಹಾಗಾದರೆ 1507 ಕೂಡ 11ರಿಂದ ಹೋಗಬೇಕು. ಹೋಗುತ್ತದೆ, 11 × 137.

ಇಷ್ಟಾದ ಮೇಲೆ ಅಕ್ಕನ ಮಗಳೇ ಒಂದು ಒಳ್ಳೆಯ ಮಾತು ಹೇಳಿದಳು. "ಮಾಮಾ, 580000 ಅಂತೂ ಒಡೀತೈತಲ್ಲ? ಅದು ಒಡಿಯೋದಕ್ಕೆಲ್ಲ ಇದರಾಗ ಒಂದು ಉಳಿಯೂದು ಗ್ಯಾರಂಟಿ." ಸರಿಯಾದ ಮಾತು. ಪಕ್ಕಪಕ್ಕದ ಎರಡು ಸಂಖ್ಯೆಗಳಿಗೆ 1 ಬಿಟ್ಟರೆ ಸಮಾನ ಅಪವರ್ತನ ಇರುವುದಿಲ್ಲ. 580000 ಅಂದರೆ 29 × 20000. ಅದರಲ್ಲಿರುವ ಅವಿಭಾಜ್ಯಗಳು 2, 5, 29. ಹಾಗಾಗಿ 29ನ್ನು ಭಾಗಿಸದೆಯೇ ಹೊಡೆದುಹಾಕಬಹುದು. ಅದರ ಹಿಂದಿನದು 579999. ಒಡೆದು ನೋಡಿದೆವು: 3 × 7 × 71 × 389. ಈ ನಾಲ್ಕರಿಂದ 580001ನ್ನು ಭಾಗಿಸಿದರೆ ಪ್ರತಿ ಸಲವೂ ಶೇಷ 2 ಉಳಿಯುತ್ತದೆ. 71 ಮತ್ತು 389 ಕೂಡ ಹೋದವು. ಅಕ್ಕಪಕ್ಕದವರನ್ನು ವಿಚಾರಿಸಿದ್ದಕ್ಕೆ ಇಷ್ಟು ಕೆಲಸ ಉಳಿಯಿತು.

135ರಲ್ಲಿ ಒಂಬತ್ತು ಹೋಗಿ 126 ಉಳಿದವು. ಇಲ್ಲಿಂದ ಮುಂದೆ ಯಾವ ಚಮತ್ಕಾರವೂ ಇಲ್ಲ, ಭಾಗಿಸುವುದೊಂದೇ. ನಾನು ಕ್ಯಾಲ್ಕುಲೇಟರ್ ಹಿಡಿದೆ, ಅವಳು ಕೈಯಿಂದ ಮಾಡಿ ತಾಳೆ ನೋಡಿದಳು. 17ಕ್ಕೆ ಶೇಷ 12. 19ಕ್ಕೆ 7. 23ಕ್ಕೆ 10. 101ಕ್ಕೆ 59. 313ಕ್ಕೆ 12. ಅಕ್ಕ ಎರಡು ಸಲ ಚಹಾ ತಂದಿಟ್ಟಳು. 500 ದಾಟಿದ ಮೇಲೆ ನನಗೂ ಎದೆ ಹೊಡೆದುಕೊಳ್ಳತೊಡಗಿತು. 619ಕ್ಕೆ ಬಂದಾಗ ಶೇಷ 617. ಎರಡು ಕಡಿಮೆ ಬಿತ್ತು, ಇಲ್ಲದಿದ್ದರೆ ಪೂರ್ತಿ ಹೋಗಿಬಿಡುತ್ತಿತ್ತು. 643ಕ್ಕೆ 15. 709ಕ್ಕೆ 39. ಕೊನೆಯದು 761. 761 × 762 = 579882. ಶೇಷ 119.

ಮುಗಿಯಿತು. 580001 ಅವಿಭಾಜ್ಯ. ಧಾರವಾಡದ ಮುಖ್ಯ ಅಂಚೆ ಕಚೇರಿಯ ಪಿನ್ ಕೋಡನ್ನು ಒಡೆಯಲು ಆಗುವುದಿಲ್ಲ. ಅಷ್ಟು ದೊಡ್ಡ ಸಂಖ್ಯೆಗಳ ನಡುವೆ ಅವಿಭಾಜ್ಯಗಳು ಸುಮಾರು 13ಕ್ಕೊಂದರಂತೆ ಸಿಗುತ್ತವೆ. ಅಪರೂಪ ಅನ್ನುವಷ್ಟು ಅಪರೂಪವಲ್ಲ. ಆದರೂ ನಾವು ಪ್ರತಿ ಅರ್ಜಿಯಲ್ಲಿ, ಪ್ರತಿ ಪಾರ್ಸೆಲ್ ಮೇಲೆ ಬರೆಯುವ ಸಂಖ್ಯೆಯೇ ಅದಾಗಿದ್ದು ನಮಗಿಬ್ಬರಿಗೂ ಹಬ್ಬದ ಹಾಗಾಯಿತು.

ಈಗ ಹುಬ್ಬಳ್ಳಿ ನೋಡಿ. 580020ನ್ನು ಒಡೆದರೆ 2 × 2 × 3 × 5 × 7 × 1381. ಈ 1381 ಅವಿಭಾಜ್ಯ. ಉಳಿದವನ್ನು ಗುಣಿಸಿದರೆ 420. ಇದು 1ರಿಂದ 7ರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಭಾಗ ಹೋಗುವ ಅತಿ ಚಿಕ್ಕ ಸಂಖ್ಯೆ. ಅಂದರೆ ಹುಬ್ಬಳ್ಳಿಯ ಕೋಡನ್ನು ಇಬ್ಬರಿಗೆ ಹಂಚಿ, ಮೂವರಿಗೆ ಹಂಚಿ, ನಾಲ್ವರಿಗೆ, ಐವರಿಗೆ, ಆರು ಜನರಿಗೆ, ಏಳು ಜನರಿಗೆ ಹಂಚಿ. ಯಾರ ಪಾಲಿಗೂ ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಸಂತೆಯ ಊರಿಗೆ ತಕ್ಕ ಸಂಖ್ಯೆ ಅಂತ ನನಗೆ ಖುಷಿಯಾಯಿತು. ನಾನು ಹುಬ್ಬಳ್ಳಿಯವನು, ಅದಕ್ಕೂ ಇರಬಹುದು.

ಇದಕ್ಕೆ ಒಟ್ಟು ಎಷ್ಟು ಭಾಜಕಗಳು? ಎಣಿಸುತ್ತಾ ಕೂರಬೇಕಿಲ್ಲ. ಒಂದು ಭಾಜಕ ಮಾಡಬೇಕಾದರೆ 2ನ್ನು ತೆಗೆದುಕೊಳ್ಳದೆ ಇರಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಮೂರು ದಾರಿ. 3, 5, 7, 1381 ಪ್ರತಿಯೊಂದಕ್ಕೂ ಬೇಕು ಅಥವಾ ಬೇಡ ಅಂತ ಎರಡೆರಡು ದಾರಿ. 3 × 2 × 2 × 2 × 2 = 48. ಎರಡೆರಡು ಭಾಜಕ ಸೇರಿ ಒಂದು ಟ್ರೇ. ಅಂದರೆ 24 ಬಗೆಯ ಟ್ರೇಗಳಲ್ಲಿ 580020 ಪೇಡಾ ಜೋಡಿಸಬಹುದು. ಅದರಲ್ಲಿ ಚೌಕಕ್ಕೆ ತೀರ ಹತ್ತಿರ ಬರುವುದು 420 ಸಾಲು, ಸಾಲಿಗೆ 1381. ಪಕ್ಕದೂರಿನ ಕೋಡಿಗೆ ಬರೀ ಎರಡು ಭಾಜಕ, ಒಂದೇ ಸಾಲು.

ಹಳೆಯ ಗ್ರೀಕರಿಗೆ ಇನ್ನೊಂದು ಅಳತೆ ಇತ್ತು. ಸಂಖ್ಯೆಯನ್ನು ಬಿಟ್ಟು ಅದರ ಉಳಿದ ಭಾಜಕಗಳನ್ನೆಲ್ಲ ಕೂಡುವುದು. ಮೊತ್ತ ಸಂಖ್ಯೆಗಿಂತ ಹೆಚ್ಚಾದರೆ ಅದು ಸಮೃದ್ಧ ಸಂಖ್ಯೆ, ಕಡಿಮೆಯಾದರೆ ಕೊರತೆಯ ಸಂಖ್ಯೆ, ಸರಿಸಮವಾದರೆ ಪರಿಪೂರ್ಣ ಸಂಖ್ಯೆ. 6 ಪರಿಪೂರ್ಣ, ಯಾಕೆಂದರೆ 1 + 2 + 3 = 6. ಹುಬ್ಬಳ್ಳಿಯ ಮೊತ್ತ 12,77,388. ತನ್ನ ಎರಡು ಪಟ್ಟಿಗಿಂತಲೂ ಜಾಸ್ತಿ. ಧಾರವಾಡದ ಮೊತ್ತ 1.

ಹಾವೇರಿ 581110 ಅಂದರೆ 2 × 5 × 58111, ಅಷ್ಟೇ. ಎಂಟು ಭಾಜಕಗಳು. ಗದಗ 582101 ಅಂದರೆ 13 × 44777. ಈ 44777 ಕೂಡ ಅವಿಭಾಜ್ಯ. ಅಲ್ಲಿಗೆ ಗದಗಿನದು ಸರಿಯಾಗಿ ಎರಡು ಅವಿಭಾಜ್ಯಗಳ ಗುಣಲಬ್ಧ, ನಾಲ್ಕು ಭಾಜಕಗಳು. ಧಾರವಾಡ 2, ಗದಗ 4, ಹಾವೇರಿ 8, ಹುಬ್ಬಳ್ಳಿ 48. ಬಸ್ಸಿನಲ್ಲಿ ಒಂದೆರಡು ತಾಸಿನ ದೂರದಲ್ಲಿರುವ ಊರುಗಳು, ನೋಡಲು ಒಂದೇ ತರಹದ ಸಂಖ್ಯೆಗಳು. ಒಳಗಿನ ಕಟ್ಟು ಮಾತ್ರ ಇಷ್ಟು ಬೇರೆ.

ಇನ್ನು 619ರ ವಿಷಯ. ಅಲ್ಲಿ ಎರಡು ಕಡಿಮೆ ಬಿದ್ದಿತ್ತಲ್ಲ, ಹಾಗಾದರೆ ಎರಡು ಸೇರಿಸಿದರೆ? 580003 = 619 × 937. ಇದೂ ಧಾರವಾಡದ್ದೇ ಪಿನ್ ಕೋಡ್. ಕರ್ನಾಟಕ ವಿಶ್ವವಿದ್ಯಾಲಯದ ವಿಳಾಸದಲ್ಲಿ ಬರುವುದು ಇದೇ. ಇದನ್ನು ಮೊದಲು ನೋಡಿದವರು ಅವಿಭಾಜ್ಯ ಅಂತಲೇ ಅಂದುಕೊಳ್ಳುತ್ತಾರೆ. ಸಣ್ಣ ಸಂಖ್ಯೆಗಳಿಂದ ಭಾಗಿಸುತ್ತಾ ಹೋದರೆ 113 ಅವಿಭಾಜ್ಯಗಳು ಕೈಕೊಟ್ಟು, 114ನೆಯದಾದ 619ರಲ್ಲಿ ಬಾಗಿಲು ತೆರೆಯುತ್ತದೆ.

ಆದರೆ ಇದಕ್ಕೆ ಒಂದು ಅಡ್ಡದಾರಿಯಿದೆ. 17ನೇ ಶತಮಾನದ ಫ್ರಾನ್ಸಿನ ಪಿಯೆರ್ ಫರ್ಮಾ ತೋರಿಸಿದ್ದು. ವೃತ್ತಿಯಿಂದ ಅವರು ನ್ಯಾಯಾಲಯದವರು. ಮೇಲಿನಿಂದ ಶುರು ಮಾಡಿ ಅಂತಾರೆ ಅವರು. ಸಂಖ್ಯೆಗಿಂತ ಸ್ವಲ್ಪ ದೊಡ್ಡದಾದ ವರ್ಗ ತೆಗೆದುಕೊಳ್ಳಿ, ಅದರಿಂದ ನಿಮ್ಮ ಸಂಖ್ಯೆ ಕಳೆಯಿರಿ. ಉಳಿದದ್ದೂ ಒಂದು ವರ್ಗವಾದರೆ ಕೆಲಸ ಮುಗಿಯಿತು. 762ರ ವರ್ಗದಿಂದ ಶುರು ಮಾಡಿ ಒಂದೊಂದೇ ಮೇಲೆ ಹತ್ತಿ. 778ಕ್ಕೆ ಬಂದಾಗ ಅದರ ವರ್ಗ 605284. ಅದರಿಂದ 580003 ಕಳೆದರೆ 25281. ಇದು 159ರ ವರ್ಗ! ಆಗ 778 ಕಳೆ 159 ಅಂದರೆ 619. 778 ಕೂಡು 159 ಅಂದರೆ 937. ಎರಡು ವರ್ಗಗಳ ವ್ಯತ್ಯಾಸ ಯಾವಾಗಲೂ ಹೀಗೆ ಮೊತ್ತ ಮತ್ತು ವ್ಯತ್ಯಾಸಗಳ ಗುಣಲಬ್ಧವಾಗಿ ಒಡೆಯುತ್ತದೆ, ಹೈಸ್ಕೂಲಿನ ಸೂತ್ರ. 114 ಸಲದ ಭಾಗಾಕಾರ 17 ಸಲದ ಕಳೆಯುವಿಕೆಗೆ ಇಳಿಯಿತು. ಎರಡು ತುಂಡುಗಳೂ ಹತ್ತಿರ ಹತ್ತಿರ ಇದ್ದುದರಿಂದ ಇದು ಬೇಗ ಸಿಕ್ಕಿತು. ಗದಗಿನ 13 × 44777ಕ್ಕೆ ಈ ದಾರಿ ಹಿಡಿದರೆ ಸಾವಿರಾರು ಸಲ ಹತ್ತಬೇಕು.

ಇದು ಬರೀ ಹೋಮ್‌ವರ್ಕ್ ಮಾತಲ್ಲ. ಗದಗಿನ ಕೋಡಿನ ಹಾಗೆ ಎರಡು ಅವಿಭಾಜ್ಯಗಳಿಂದ ಆದ ಸಂಖ್ಯೆಗಳ ಮೇಲೆಯೇ ನಮ್ಮ ಬ್ಯಾಂಕ್ ವೆಬ್‌ಸೈಟುಗಳ ಭದ್ರತೆಯ ಒಂದು ದೊಡ್ಡ ಭಾಗ ನಿಂತಿದೆ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಕಂಡುಹಿಡಿದ ಆರ್‌ಎಸ್‌ಎ ವಿಧಾನ ಅದು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಟ್ಟಾಗಿ ಇಟ್ಟುಕೊಂಡು ಅವುಗಳ ಗುಣಲಬ್ಧವನ್ನು ಊರಿಗೆಲ್ಲ ಹೇಳುತ್ತಾರೆ. ಗುಣಿಸುವುದು ಕ್ಷಣದ ಕೆಲಸ. ತಿರುಗಿ ಒಡೆಯುವುದು ಯಾರ ಕೈಲೂ ಆಗದ ಕೆಲಸ. ಇವತ್ತು ಸಾಮಾನ್ಯವಾಗಿ ಬಳಸುವ ಸಂಖ್ಯೆಗಳು 617 ಅಂಕಿಯಷ್ಟು ಉದ್ದ. 2020ರಲ್ಲಿ 250 ಅಂಕಿಯ ಅಂಥ ಒಂದು ಸಂಖ್ಯೆಯನ್ನು ಒಡೆದರು, ಅದಕ್ಕೂ ಬಹಳಷ್ಟು ಕಂಪ್ಯೂಟರುಗಳು ಸೇರಿ ದುಡಿಯಬೇಕಾಯಿತು. ಗುಟ್ಟಿನ ಎರಡು ಅವಿಭಾಜ್ಯಗಳು ಒಂದಕ್ಕೊಂದು ತೀರ ಹತ್ತಿರ ಇರಬಾರದು ಅಂತ ನಿಯಮವಿದೆ. ಯಾಕೆ ಅಂತ ನಿಮಗೀಗ ಗೊತ್ತು. ಫರ್ಮಾ ಅವರ ಅಡ್ಡದಾರಿ 580003ನ್ನು ಒಡೆದ ಹಾಗೆ ಅದನ್ನೂ ಒಡೆದುಬಿಡುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಒಂದು ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ಅಂತ ಹೇಳುವುದೇ ಬೇರೆ, ಅದರ ತುಂಡುಗಳನ್ನು ಹುಡುಕುವುದೇ ಬೇರೆ. ಮೊದಲನೆಯದು ಸುಲಭದ ಕೆಲಸ ಅಂತ 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಸಾಧಿಸಿ ತೋರಿಸಿದರು. ಎರಡನೆಯದಕ್ಕೆ ಇವತ್ತಿನ ನಮ್ಮ ಕಂಪ್ಯೂಟರುಗಳಲ್ಲಿ ಸುಲಭದ ದಾರಿ ಸಿಕ್ಕಿಲ್ಲ.

ಒಡೆಯದೆಯೇ ಅವಿಭಾಜ್ಯ ಅಂತ ಹೇಳುವ ಒಂದು ಹಳೆಯ ದಾರಿ ನನಗೆ ಎಲ್ಲಕ್ಕಿಂತ ಇಷ್ಟ. ಅವತ್ತು ಊಟ ಆದ ಮೇಲೆ ಅದನ್ನೇ ಮಾಡಿದೆವು.

580001ನ್ನು 4ರಿಂದ ಭಾಗಿಸಿದರೆ ಶೇಷ 1. ಹೀಗೆ ಶೇಷ 1 ಉಳಿಸುವ ಪ್ರತಿ ಅವಿಭಾಜ್ಯ ಸಂಖ್ಯೆಯನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. 5 = 1 + 4. 13 = 4 + 9. 29 = 4 + 25. ಫರ್ಮಾ ಇದನ್ನು 1640ರ ಡಿಸೆಂಬರ್ 25ರಂದು ಬರೆದ ಪತ್ರದಲ್ಲಿ ಹೇಳಿದರು. ಪುರಾವೆ ಕೊಡಲಿಲ್ಲ. ನೂರು ವರ್ಷದ ಮೇಲೆ ಗಣಿತಜ್ಞ ಆಯ್ಲರ್ ಸಾಧಿಸಿದರು. ಶೇಷ 3 ಉಳಿಸುವ ಸಂಖ್ಯೆಗಳಿಗೆ ಈ ಭಾಗ್ಯ ಇಲ್ಲ. 580003 ಅಂಥದ್ದು, ಅದನ್ನು ಎರಡು ವರ್ಗಗಳಾಗಿ ಬರೆಯಲು ಎಂದೂ ಆಗುವುದಿಲ್ಲ.

ಇದನ್ನೇ ಆಯ್ಲರ್ ತಿರುಗಿಸಿ ಬಳಸಿದರು. ಇಂಥ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ರೀತಿಯಲ್ಲಿ ಬರೆಯಲು ಬಂದರೆ, ಆ ಎರಡು ಸಂಖ್ಯೆಗಳಿಗೆ ಸಮಾನ ಅಪವರ್ತನ ಇಲ್ಲದಿದ್ದರೆ, ಅದು ಅವಿಭಾಜ್ಯ. ಎರಡು ರೀತಿ ಸಿಕ್ಕಿದರೆ ಒಡೆಯುತ್ತದೆ. ಇದರ ಬೇರು ನಮ್ಮ ಗಣಿತಜ್ಞ ಬ್ರಹ್ಮಗುಪ್ತರಲ್ಲಿದೆ. 628ರ ಅವರ ಗ್ರಂಥ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಇರುವ ಒಂದು ಸೂತ್ರದಿಂದ ಒಂದು ಮಾತು ಹೊರಡುತ್ತದೆ. ಎರಡು ವರ್ಗಗಳ ಮೊತ್ತವನ್ನು ಅಂಥದೇ ಇನ್ನೊಂದರಿಂದ ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ, ಅದೂ ಸಾಮಾನ್ಯವಾಗಿ ಎರಡು ರೀತಿಯಲ್ಲಿ. 5 × 13 = 65. ನೋಡಿ, 65 = 64 + 1, ಮತ್ತೆ 65 = 49 + 16. ಗುಣಾಕಾರದಿಂದ ಹುಟ್ಟಿದ ಸಂಖ್ಯೆ ಹೀಗೆ ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ. ಆಯ್ಲರ್ ಮೊದಲು 1000009 ಅನ್ನು ಅವಿಭಾಜ್ಯಗಳ ಪಟ್ಟಿಯಲ್ಲಿ ಸೇರಿಸಿದ್ದರು. ಅದು ಸಾವಿರದ ವರ್ಗ ಮತ್ತು 3ರ ವರ್ಗ ಸೇರಿದ್ದು. ಆಮೇಲೆ 235ರ ವರ್ಗ ಮತ್ತು 972ರ ವರ್ಗ ಸೇರಿದರೂ ಅದೇ ಬರುತ್ತದೆ ಅಂತ ಕಂಡರು. ತಪ್ಪು ತಿದ್ದಿಕೊಂಡರು. ಅದು 293 × 3413.

ಈಗ 580001. ವರ್ಗ ಸಂಖ್ಯೆಗಳ ಕೊನೆಯ ಎರಡು ಅಂಕಿಗಳು ಬರೀ 22 ಬಗೆ: 00, 01, 04, 09, 16, 21, 24, 25 ಹೀಗೆ. ಅವುಗಳಲ್ಲಿ ಎರಡು ಸೇರಿ ಕೊನೆಗೆ 01 ಬರಬೇಕು. ಎಲ್ಲ ಜೋಡಿಗಳನ್ನೂ ನೋಡಿದರೆ ಎರಡೇ ಉಳಿಯುತ್ತವೆ: 00 ಮತ್ತು 01, ಇಲ್ಲ 25 ಮತ್ತು 76. ಎರಡು ವರ್ಗಗಳಲ್ಲಿ ಒಂದು ಸಮ, ಒಂದು ಬೆಸ. ಬೆಸ ಸಂಖ್ಯೆಯ ವರ್ಗವನ್ನು 8ರಿಂದ ಭಾಗಿಸಿದರೆ ಯಾವಾಗಲೂ ಶೇಷ 1. 580001ಕ್ಕೂ ಶೇಷ 1. ಆದ್ದರಿಂದ ಸಮ ಸಂಖ್ಯೆಯ ವರ್ಗ 8ರಿಂದ ಪೂರ್ತಿ ಹೋಗಬೇಕು, ಅಂದರೆ ಆ ಸಂಖ್ಯೆ 4ರಿಂದ ಹೋಗಬೇಕು. ಹೀಗೆ ಸೋಸುತ್ತಾ ಬಂದರೆ ಮೊದಲ ಬಗೆಯಲ್ಲಿ 15, ಎರಡನೆಯ ಬಗೆಯಲ್ಲಿ 15 ಉಳಿಯುತ್ತವೆ. 135 ಭಾಗಾಕಾರಗಳ ಜಾಗದಲ್ಲಿ 30 ಪರೀಕ್ಷೆ.

ಎರಡನೆಯ ಪರೀಕ್ಷೆಯಲ್ಲೇ ಸಿಕ್ಕಿತು. 49ರ ವರ್ಗ 2401. 760ರ ವರ್ಗ 577600. ಎರಡೂ ಸೇರಿ 580001. 49 ಅಂದರೆ ಬರೀ ಏಳುಗಳು, 760ರಲ್ಲಿ 2, 5, 19. ಸಮಾನವಾದದ್ದು ಏನೂ ಇಲ್ಲ.

ಆದರೆ ಇನ್ನೊಂದು ಸಿಗಬಾರದಲ್ಲ. ಉಳಿದ 28ನ್ನೂ ನೋಡಲೇಬೇಕು. ಮೊದಲ ಬಗೆಯ ಬೆಸ ಸಂಖ್ಯೆಗಳು: 151, ಇಲ್ಲ. 199, ಇಲ್ಲ. 249ಕ್ಕೆ ಬಂದಾಗ ಇಬ್ಬರೂ ಉಸಿರು ಹಿಡಿದೆವು. 249ರ ವರ್ಗ ಕಳೆದರೆ 518000. ಈ ಬಗೆಯಲ್ಲಿ ಸಮ ಸಂಖ್ಯೆ 0ಯಿಂದ ಮುಗಿಯುತ್ತದೆ, 4ರಿಂದಲೂ ಹೋಗುತ್ತದೆ; ಅಂದರೆ ಅದು 20ರಿಂದ ಹೋಗುತ್ತದೆ, ಅದರ ವರ್ಗ 400ರಿಂದ. 518000ವನ್ನು 400ರಿಂದ ಭಾಗಿಸಿದರೆ 1295. ಅದು 1296 ಆಗಿದ್ದರೆ 36ರ ವರ್ಗ. ಆಗ ಹಗಲೆಲ್ಲ ಮಾಡಿದ ಭಾಗಾಕಾರದಲ್ಲಿ ಎಲ್ಲೋ ತಪ್ಪಿದೆ ಅಂತ ಅರ್ಥ. ಒಂದೇ ಒಂದು ಕಡಿಮೆ ಬಿದ್ದು ಬಚಾವಾದೆವು. ಮುಂದೆ 401, 599, 649. ಆಮೇಲೆ ಎರಡನೆಯ ಬಗೆಯ ಸಮ ಸಂಖ್ಯೆಗಳು: 24, 76, 124, ಕೊನೆಗೆ 724. ಒಂದೂ ಇಲ್ಲ.

ಬೇರೆ ಬೇರೆ ದಾರಿಯಲ್ಲಿ ಎರಡು ಸಲ ಹೋದರೂ ಅದೇ ಉತ್ತರ. ಇದರ ಜೊತೆಗೆ ಒಂದು ತ್ರಿಕೋನವೂ ಪುಕ್ಕಟೆ ಸಿಕ್ಕಿತು. 49 ಮತ್ತು 760ರಿಂದ ಲೆಕ್ಕ ಹಾಕಿದರೆ 74480 ಮತ್ತು 575199 ಎಂಬ ಎರಡು ಬಾಹುಗಳು ಬರುತ್ತವೆ. ಆ ಲಂಬಕೋನ ತ್ರಿಭುಜದ ವಿಕರ್ಣ ಸರಿಯಾಗಿ 580001.

ಸೋಮವಾರ ಅವಳು ಹೋಮ್‌ವರ್ಕ್ ಒಪ್ಪಿಸಿದಳು. ಲೆಕ್ಕ ಮಾಡಿದ ಹಾಳೆಗಳನ್ನೆಲ್ಲ ಹಿಂದೆ ಪಿನ್ ಹಾಕಿ, ಮುಂದಿನ ಪುಟದಲ್ಲಿ ಒಂದೇ ಸಾಲು ಬರೆದಿದ್ದಳು: 580001 = 1 × 580001.